ಮುದ್ದೆಮಾಲು ನಂಬರ್ ನಲವತ್ತೇಳು

ಮಾನ್ವಿ ಕೋರ್ಟಿನ ಹಿಂದ, ಬೇವಿನ ಗಿಡಕ್ಕ ಬೆನ್ನು ಕೊಟ್ಟು
ನಿಂತದ ನನ್ನ ಕೋಣಿ. ಕಿಟಕಿ ಒಂದ, ಅದಕ್ಕೂ ಜಾಳಿಗಿ.
ಕೊಡಲಿ, ಕುಡುಗೋಲು, ಯಾರದೋ ಮದುವಿ ಸೀರಿ,
ಗಾಲಿ ಇಲ್ಲದ ಸೈಕಲ್ಲು, ಸೀಮೆಎಣ್ಣಿ ವಾಸನಿಯ ಕ್ಯಾನು,
ಎಲ್ಲಕ್ಕೂ ಒಂದೊಂದು ಚೀಟಿ, ಒಂದೊಂದು ಅರಗಿನ ಮೋಹರು.
ಹನ್ನೊಂದು ವರ್ಷ ಆತು ನಾನು ಇವಕ್ಕ ಕಾವಲಿದ್ದು;
ಇವ ನನಗ ಕಾವಲದಾವ ಅನಿಸ್ತದ ಒಮ್ಮೊಮ್ಮೆ.

ನಲವತ್ತೇಳನೇದು ಒಂದು ಬ್ಯಾಟರಿ.
ಎರಡು ಸೆಲ್ಲಿನದು, ಗಾಜು ಒಡದದ್ದು.
"ಸೆಲ್ಲು ಸಮೇತ" ಅಂತ ಪಂಚನಾಮೆಯೊಳಗ ಬರದಾರ,
ಹಂಗಾಗಿ ತಗಿಯಂಗಿಲ್ಲ.
ಒಳಗೊಳಗ ಅವು ಸೋರಿ, ಬಿಳಿ ಉಪ್ಪು ಕಟ್ಟಿ,
ಅರಿವಿ ಚೀಲಕ್ಕ ಕಲೆ ಬಿದ್ದದ.

ಹೋಂಗಾರ್ಡ್ ಹುಸೇನಪ್ಪಂದು ಅದು.
ತುಂಗಭದ್ರಾ ದಂಡಿ, ರಾತ್ರಿ ಎರಡೂವರಿ,
ನಂಬರ್ ಪ್ಲೇಟಿಗೆ ಕೆಸರು ಬಳಕೊಂಡ ಟಿಪ್ಪರು,
ಹಸಿ ಉಸುಕಿನ ನೀರು ಹಿಂದ ಸೋರಕೋತ.
ದಿನದ ಭತ್ಯೆಕ್ಕ ನಿಂತಾವ, ಪೂರಾ ಪೊಲೀಸನೂ ಅಲ್ಲ.
ಕೈ ಅಡ್ಡ ಹಾಕಿದ,
ಅಷ್ಟ.

ಟಿಪ್ಪರು ಯಾರ ಅಳಿಯಂದು ಅಂತ ಊರಿಗೆಲ್ಲ ಗೊತ್ತು.
ಎಸ್ಸೈ ಸಾಹೇಬ್ರು ಗಾಲಿ ಗುರುತು ಅಳದ್ರು, ಮಣ್ಣು ಕಟ್ಟಿದ್ರು,
ಚಾರ್ಜ್‌ಶೀಟಿನ ಕೊನಿ ಹಾಳಿ ಹೊಲಿಯೋ ಹೊತ್ತಿಗೆ
ಅವರನ್ನ ಚಾಮರಾಜನಗರಕ್ಕ ಕಳಿಸಿದ್ರು.
ಹಾಳಿ ಮಾತ್ರ ಇಲ್ಲೇ ಉಳೀತು.

ಮೂರನೇ ವರ್ಷ ಬೆಂಗಳೂರಿಂದ ಒಂದು ಹುಕುಂ.
ಗಟ್ಟಿ ಕಾಗದ, ಗಂಡಭೇರುಂಡದ ಮುದ್ರಿ.
"ಸಾರ್ವಜನಿಕ ಹಿತದೃಷ್ಟಿಯಿಂದ
ಸದರಿ ಪ್ರಕರಣವನ್ನು ಹಿಂಪಡೆಯತಕ್ಕದ್ದು."
ಎರಡು ಸಲ ಓದಿದೆ.
ಕೊಟ್ಟವರಲ್ಲೇನು ಹಿಂದಕ್ಕ ತಗೊಳಾವರು?
ಬ್ಯಾಟರಿ ಕೊಟ್ಟಾವ ಹುಸೇನಪ್ಪ.

ಸರ್ಕಾರಿ ವಕೀಲರು ತಾಯಮ್ಮ ಕುರ್ಡಿ
ಹುಕುಮಿನ ಮ್ಯಾಲ ಚಹಾದ ಕಪ್ಪು ಇಟ್ಟು ಫೋನ್ ಎತ್ತಿದ್ರು.
"ಸಿಕ್ಕದ್ರಿ ಸರ್. ಓದೀನ್ರಿ.
ಸರ್ಕಾರ ಹೇಳಬಹುದ್ರಿ, ಅರ್ಜಿ ಬರಿಯಾಕಿ ನಾನು.
ಬರಿಯೂಕಿಂತ ಮೊದಲ ಫೈಲು ಓದಬೇಕು,
ಓದಿದ ಮ್ಯಾಲ ನನಗ ಹಂಗ ಅನಿಸಬೇಕು.
ಅನಿಸವಲ್ದು ಸರ್."
ಫೋನ್ ಇಟ್ಟು ನನ್ನ ಕಡೆ ತಿರುಗಿ:
"ಆ ದಂಡಿ ಮಾತು ಈ ದಂಡಿಗೆ ದಾಟಿಸಾಕ
ನಾನೇನು ಹರಗೋಲು ಏನೋ?"
ಕಪ್ಪು ಎತ್ತಿದಾಗ ಗಂಡಭೇರುಂಡದ ಸುತ್ತ
ಒಂದು ಕಂದು ಗೆರಿ.

ಸರ್ಕಾರ ದೊಡ್ಡದು, ಸುಳ್ಳಲ್ಲ.
ಡ್ಯಾಮಿನ ಗೇಟು ಎತ್ತತದ, ಇಳಸ್ತದ,
ನನಗ ಪಗಾರ ಕೊಡತದ,
ತಾಯಮ್ಮನ್ನ ಎತ್ತಿ ಔರಾದಕ್ಕ ಒಗೀತದ.
ಒಗೀತು, ಎರಡ ತಿಂಗಳಿಗೆ.
ಆದ್ರ ಒಬ್ಬರ ತಲಿಯೊಳಗ ಕುಂತು
"ನನಗ ಅನಿಸ್ತು" ಅನ್ನೋದು ಅದಕ್ಕ ಬರಂಗಿಲ್ಲ.
ಸಂದಿ ಸಣ್ಣದು, ಕುರ್ಚಿ ಹಿಡಿಯಂಗಿಲ್ಲ.

ಹೊಸ ವಕೀಲರು ಬಂದ್ರು. ಅರ್ಜಿ ಕೊಟ್ರು, ಒಂದೂವರಿ ಸಾಲು.
ಜಡ್ಜ್ ಅಮ್ಮಾವ್ರು ಕನ್ನಡಕ ಇಳಿಸಿದ್ರು:
"ಇದು ಹುಕುಮಿನ ಮಾತು. ನಿಮ್ಮದು ಎಲ್ಲಿ?"
ಫ್ಯಾನು ತಿರುಗೋದು ಅಷ್ಟ ಕೇಳಸ್ತು.
ಆ ವಕೀಲರಿಗೂ ಮನ್ಯಾಗ ಮಕ್ಕಳಿದ್ದಾರು,
ಬೈಯಾಕ ನನಗ ಮನಸಾಗಲಿಲ್ಲ.
"ನಂಬರ್ ನಲವತ್ತೇಳು ತರ್ರಿ."

ತಂದೆ. ಮೋಹರು ಒಡದೆ. ಗುಂಡಿ ಒತ್ತಿದೆ.
"ಉರಿಯಲಿಲ್ಲ" ಅಂತ ಟೈಪಿಸ್ಟು ಬರಕೊಂಡ.

ಕೊನಿ ಬೆಂಚಿನ ಮ್ಯಾಲಿಂದ ನರಸಮ್ಮ,
ಸೆರಗಿನ ಗಂಟಿನೊಳಗ ಬಸ್ ಟಿಕೀಟು,
ಯಾರೂ ಕರೀದ ಎದ್ದು ನಿಂತಳು:
"ಅವತ್ತು ಉರದಿತ್ರಿ ಅಮ್ಮಾ.
ನಾನ ಹೊಸ ಸೆಲ್ಲು ಹಾಕಿ ಕೊಟ್ಟಿದ್ದೆ."

ಬರಕೋಬೇಕೋ ಬ್ಯಾಡೋ,
ಟೈಪಿಸ್ಟು ತಲಿ ಎತ್ತಿ ನೋಡಿದ.

ಆದೇಶಕ್ಕ ಹದಿನಾರನೇ ತಾರೀಖು.
ನಾನು ಕೋಣಿಗೆ ಬಂದು ಹೊಸ ಅರಗು ಕಾಸಿದೆ,
ಚೀಲದ ಬಾಯಿಗೆ ಹನಿ ಹನಿ ಬಿಟ್ಟೆ.
ಬೆರಳು ಸುಟ್ಟಿತು, ಸ್ವಲ್ಪ.